ಆಫೀಸಿನ ಕಿರಿಕಿರಿಗೆ ಆನ್‌ಲೈನ್ ಥೆರಪಿಸ್ಟ್ ಬೇಕಾ? ಹುಡುಕುವುದು, ಪರೀಕ್ಷಿಸುವುದು, ಶುರು ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ಥೆರಪಿಸ್ಟ್ ಅಂತ ಹುಡುಕಿದರೆ ನೂರಾರು ಮುಖಗಳು ಬರುತ್ತವೆ. ಎಲ್ಲರೂ ನಗುತ್ತಿರುತ್ತಾರೆ. ಎಲ್ಲರ ಹೆಸರಿನ ಮುಂದೆಯೂ ಒಂದಷ್ಟು ಡಿಗ್ರಿಯ ಅಕ್ಷರಗಳು. ಒತ್ತಡ, ಆತಂಕ, ಸಂಬಂಧ, ವೃತ್ತಿ ಎಲ್ಲವನ್ನೂ ನೋಡುತ್ತೇವೆ ಅಂತ ಎಲ್ಲರೂ ಬರೆದುಕೊಂಡಿರುತ್ತಾರೆ. ಮ್ಯಾನೇಜರ್ ಕಾಟಕ್ಕೆ ವಾರಗಟ್ಟಲೆ ನಿದ್ದೆಗೆಟ್ಟವರಿಗೆ ಇದನ್ನೆಲ್ಲ ಸೋಸಿ ನೋಡುವ ತಾಳ್ಮೆ ಎಲ್ಲಿಂದ ಬರಬೇಕು? ಮೊದಲು ಕಂಡವರಿಗೆ ದುಡ್ಡು ಕಟ್ಟುತ್ತಾರೆ, ಒಂದೆರಡು ಸಲ ಮಾತಾಡುತ್ತಾರೆ, ಇದರಿಂದ ಏನೂ ಆಗಲ್ಲ ಅಂತ ಬಿಟ್ಟುಬಿಡುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸರಿಯಾದವರು ಸಿಕ್ಕಿದ್ದರೆ ಅವರ ಕಥೆ ಬೇರೆಯೇ ಆಗುತ್ತಿತ್ತು.

ಮಗುವಿಗೆ ಟ್ಯೂಷನ್ ಮೇಷ್ಟ್ರನ್ನು ಗೊತ್ತುಮಾಡುವಾಗ ನಾವು ಹತ್ತು ಪ್ರಶ್ನೆ ಕೇಳುತ್ತೇವೆ. ಥೆರಪಿಸ್ಟ್ ಮುಂದೆ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ದೊಡ್ಡವರನ್ನು, ಡಾಕ್ಟರನ್ನು ಪ್ರಶ್ನೆ ಮಾಡಬಾರದು ಅನ್ನುವ ಹಳೇ ಸಂಕೋಚ. ಆ ಸಂಕೋಚ ಇಲ್ಲಿ ಬೇಡ. ಏನು ಓದಿದ್ದೀರಿ, ಎಲ್ಲಿ ನೋಂದಣಿ ಆಗಿದೆ, ನನ್ನ ಮಾತು ಯಾರ ಕಿವಿಗೆ ಬೀಳುತ್ತದೆ, ಎಷ್ಟು ದುಡ್ಡು ಅಂತ ಬಾಯಿಬಿಟ್ಟು ಕೇಳಿ. ಕೇಳಿದವರಿಗೇ ಸರಿಯಾದವರು ಸಿಗುವುದು ಜಾಸ್ತಿ. ಏನು ಕೇಳಬೇಕು, ಯಾವಾಗ ಕೇಳಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ವಿಷಯ ಎಲ್ಲಕ್ಕಿಂತ ಮೊದಲು. ಬದುಕುವುದೇ ಬೇಡ ಅನ್ನಿಸುತ್ತಿದ್ದರೆ, ಏನಾದರೂ ಮಾಡಿಕೊಳ್ಳುವ ಯೋಚನೆ ಬರುತ್ತಿದ್ದರೆ, ಈ ಲೇಖನ ಆಮೇಲೆ ಓದಿ. ಈಗಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೊತೆಗೆ ನಂಬಿಕೆಯ ಒಬ್ಬರನ್ನು ಪಕ್ಕಕ್ಕೆ ಕರೆಸಿಕೊಳ್ಳಿ. ಅಪಾಯ ಹತ್ತಿರ ಅನ್ನಿಸಿದರೆ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಹಂತ 1: ತೊಂದರೆ ಏನು ಅಂತ ಒಂದು ಹಾಳೆಯಲ್ಲಿ ಬರೆಯಿರಿ

ಆಫೀಸಿನ ಸಮಸ್ಯೆ ಅಂದರೆ ಒಂದೇ ಅಲ್ಲ. ಬ್ಯಾಂಕಿನ ಶಾಖೆಯಲ್ಲಿ ಇನ್ಶೂರೆನ್ಸ್ ಮಾರುವ ಟಾರ್ಗೆಟ್, ಬಿಪಿಒದಲ್ಲಿ ರಾತ್ರಿ ಪಾಳಿ, ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಬೈಗುಳ, ಸಾಫ್ಟ್‌ವೇರ್ ಕಂಪನಿಯಲ್ಲಿ ಅಪ್ರೈಸಲ್ ಆದ ಮೇಲೆ ಕೈಗೆ ಬರುವ ಪಿಐಪಿ (ಇಷ್ಟು ದಿನದಲ್ಲಿ ಕೆಲಸ ಸುಧಾರಿಸಿಕೊಳ್ಳಿ ಅನ್ನುವ ಪತ್ರ), ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲೆ ಕೂತು ಕಾಯುವ ದಿನಗಳು, ಲೇಆಫ್ ಸುದ್ದಿ. ಒಂದೊಂದಕ್ಕೂ ಬೇಕಾದ ಸಹಾಯ ಬೇರೆ.

ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಗಡೆ ಆಫೀಸಿನಲ್ಲಿ ಏನು ನಡೆಯುತ್ತಿದೆ ಅಂತ ಬರೆಯಿರಿ: ಎಲ್ಲರೆದುರು ಬೈಯುತ್ತಾರೆ, ರಜೆ ಕೊಡುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡುತ್ತಾರೆ. ಬಲಗಡೆ ನಿಮ್ಮೊಳಗೆ ಏನಾಗುತ್ತಿದೆ ಅಂತ: ಲ್ಯಾಪ್‌ಟಾಪ್ ತೆರೆದರೆ ಎದೆ ಹೊಡೆದುಕೊಳ್ಳುತ್ತದೆ, ಊಟ ಸೇರುವುದಿಲ್ಲ, ಮಕ್ಕಳ ಮೇಲೆ ರೇಗುತ್ತೇನೆ, ಮೀಟಿಂಗಿನಲ್ಲಿ ಮಾತೇ ಬರುವುದಿಲ್ಲ. ಎಷ್ಟು ದಿನದಿಂದ ಹೀಗಿದೆ ಅಂತಲೂ ಬರೆಯಿರಿ.

ಬಲಗಡೆಯದ್ದು ಥೆರಪಿಸ್ಟ್ ಕೆಲಸ. ಎಡಗಡೆಯ ಎಷ್ಟೋ ಸಂಗತಿಗಳಿಗೆ ಥೆರಪಿ ಮದ್ದಲ್ಲ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಬಾಕಿ ಸಂಬಳ ಕೊಡದ ಕಂಪನಿಯನ್ನು ಯಾವ ಥೆರಪಿಸ್ಟ್ ಕೂಡ ಬದಲಾಯಿಸಲಾರರು. ಅದಕ್ಕೆ ಕಾರ್ಮಿಕ ಇಲಾಖೆ ಇದೆ, ಯೂನಿಯನ್ ಇದೆ. ಐಟಿಯವರಿಗಾಗಿ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ ಇದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100 ಸಹಾಯವಾಣಿ ಇದೆ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ.

ಲೈಂಗಿಕ ಕಿರುಕುಳವಾದರೆ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಅಲ್ಲಿ ಗಡುವು ಇದೆ. 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಆಂತರಿಕ ಸಮಿತಿ ಇರಲೇಬೇಕು. ಸಣ್ಣ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಮನಸ್ಸು ಗಟ್ಟಿಯಾದ ಮೇಲೆ ದೂರು ಕೊಡೋಣ ಅಂತ ಕಾಯುತ್ತಾ ಕೂತರೆ ಗಡುವು ಮೀರಿಹೋಗಬಹುದು. ಥೆರಪಿ ಮತ್ತು ದೂರು ಜೊತೆಜೊತೆಗೇ ನಡೆಯಲಿ. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಪರಿಹಾರದ ಮೊತ್ತ ನಿರ್ಧರಿಸುವಾಗ ಸಮಿತಿ ಮಾನಸಿಕ ಆಘಾತವನ್ನೂ, ದೈಹಿಕ ಮತ್ತು ಮನೋವೈದ್ಯಕೀಯ ಚಿಕಿತ್ಸೆಯ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ಸೆಷನ್ ರಸೀದಿ, ಔಷಧಿ ಚೀಟಿ ಯಾವುದನ್ನೂ ಬಿಸಾಡಬೇಡಿ.

ಸುಸ್ತು ಮಾತ್ರ ಎದ್ದು ಕಾಣುತ್ತಿದ್ದರೆ ಒಂದು ಸಲ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋಗಿ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿಕೊಳ್ಳಿ. ರಕ್ತ ಕಡಿಮೆ ಇರುವುದನ್ನು ಬರ್ನ್‌ಔಟ್ ಅಂದುಕೊಂಡು ಒದ್ದಾಡುವುದು ಬೇಡ. ಬರ್ನ್‌ಔಟನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಅಂತ ಪಟ್ಟಿ ಮಾಡಿಲ್ಲ. ಕೆಲಸದ ಜಾಗದಲ್ಲಿ ನಿಭಾಯಿಸದೆ ಬಿಟ್ಟ ಒತ್ತಡದ ಪರಿಣಾಮ ಅಂತ ಕರೆದಿದೆ. ಅದು ಹೇಳುವ ಲಕ್ಷಣ ಮೂರು: ಶಕ್ತಿಯೆಲ್ಲ ಸೋರಿಹೋದ ಹಾಗೆ ಆಗುವುದು, ಕೆಲಸದ ಮೇಲೆ ಜಿಗುಪ್ಸೆ, ಕೈಯಲ್ಲಿ ಏನೂ ಆಗುತ್ತಿಲ್ಲ ಅನ್ನಿಸುವುದು. ತಪ್ಪೆಲ್ಲ ನನ್ನಲ್ಲೇ ಇದೆ ಅಂತ ಕೊರಗುವವರಿಗೆ ಇದು ತಿಳಿದಿರಲಿ.

ಹಂತ 2: ಯಾರು ಯಾರು ಅಂತ ತಿಳಿದುಕೊಳ್ಳಿ

ಜನ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮನೋವೈದ್ಯರು ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಔಷಧಿ ಬರೆಯಲು ಅಧಿಕಾರ ಇರುವುದು ಡಾಕ್ಟರಿಗೆ. ಕರ್ನಾಟಕದಲ್ಲಿರುವವರ ಹೆಸರು ಸಾಮಾನ್ಯವಾಗಿ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಆಗಿರುತ್ತದೆ. 2020ರಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಆನ್‌ಲೈನ್ ಚೀಟಿಯ ಮೇಲೂ ಅವರ ನೋಂದಣಿ ಸಂಖ್ಯೆ ಇರಬೇಕು. ಎಲ್ಲ ಔಷಧಿಗಳನ್ನೂ ಆನ್‌ಲೈನ್‌ನಲ್ಲಿ ಬರೆದುಕೊಡುವ ಹಾಗಿಲ್ಲ. ಒಮ್ಮೆ ಎದುರಿಗೆ ಬನ್ನಿ ಅಂದರೆ ಬೇಸರ ಮಾಡಿಕೊಳ್ಳಬೇಡಿ.

ಕ್ಲಿನಿಕಲ್ ಸೈಕಾಲಜಿಸ್ಟ್ ಡಾಕ್ಟರಲ್ಲ, ಔಷಧಿ ಕೊಡುವುದಿಲ್ಲ. ಪರೀಕ್ಷೆ ಮಾಡಿ ಮಾತಿನ ಚಿಕಿತ್ಸೆ ಕೊಡುವುದರಲ್ಲಿ ತರಬೇತಿ ಪಡೆದವರು. ಬಹುಪಾಲು ಜನ ಆಸ್ಪತ್ರೆಯಲ್ಲಿ ತರಬೇತಿ ಇರುವ ಎರಡು ವರ್ಷದ ಎಂ.ಫಿಲ್ ಮಾಡಿರುತ್ತಾರೆ. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಮಾಡಿಸಿರಬೇಕು. ಅವರಿಗೆ ಒಂದು ಸಿಆರ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಕೇಳಿ ತೆಗೆದುಕೊಂಡು ಆರ್‌ಸಿಐ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಎರಡು ನಿಮಿಷದ ಕೆಲಸ.

ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್, ಅಂದರೆ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಸಮಾಜಕಾರ್ಯ ತಜ್ಞರು, ಅಂತ ಇನ್ನೊಂದು ವರ್ಗ ಇದೆ. ಜನ ಇವರನ್ನು ಮರೆತುಬಿಡುತ್ತಾರೆ. ಕೆಲಸ, ಮನೆ, ಸಾಲ, ಸಂಸಾರ ಎಲ್ಲ ಗಂಟು ಬಿದ್ದಿರುವ ಸಮಸ್ಯೆಗೆ ಇವರು ಬಹಳ ಚೆನ್ನಾಗಿ ಕೆಲಸ ಮಾಡುತ್ತಾರೆ.

ಇನ್ನು ಕೌನ್ಸೆಲರ್, ಆಪ್ತಸಮಾಲೋಚಕರು. ಇವರಲ್ಲಿ ಸೈಕಾಲಜಿಯಲ್ಲಿ ಎಂ.ಎ., ಎಂ.ಎಸ್‌ಸಿ. ಮಾಡಿ, ಹಿರಿಯರ ಮೇಲ್ವಿಚಾರಣೆಯಲ್ಲಿ ವರ್ಷಗಟ್ಟಲೆ ಪಳಗಿದ ಒಳ್ಳೆಯವರು ಎಷ್ಟೋ ಜನ ಇದ್ದಾರೆ. ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸ್ ಮಾಡಿ ಬೋರ್ಡ್ ಹಾಕಿಕೊಂಡವರೂ ಇದ್ದಾರೆ. ಕೌನ್ಸೆಲರ್ ಅನ್ನುವ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳುವ ಪರಿಸ್ಥಿತಿ ನಮ್ಮಲ್ಲಿದೆ. 2021ರಲ್ಲಿ ಸಹವರ್ತಿ (ಡಾಕ್ಟರ್, ನರ್ಸ್ ಅಲ್ಲದ) ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಆದರೂ ಕೌನ್ಸೆಲರ್ ವಿಷಯದಲ್ಲಿ ವಿಚಾರಿಸುವ ಹೊಣೆ ಸದ್ಯಕ್ಕೆ ನಮ್ಮ ಮೇಲೇ ಇದೆ. ಯಾವ ವಿಶ್ವವಿದ್ಯಾಲಯ, ಎಷ್ಟು ವರ್ಷದ ಕೋರ್ಸ್, ನಿಮಗೆ ಸೂಪರ್‌ವೈಸರ್ ಇದ್ದಾರಾ ಅಂತ ಮೂರು ಪ್ರಶ್ನೆ ಕೇಳಿ. ಕೊನೆಯದ್ದು ಮುಖ್ಯ. ಒಳ್ಳೆಯ ಕೌನ್ಸೆಲರ್ ತಮ್ಮ ಕೇಸುಗಳನ್ನು ಹೆಸರು ಹೇಳದೆ ಹಿರಿಯರ ಜೊತೆ ಚರ್ಚಿಸುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ.

ಲೈಫ್ ಕೋಚ್, ಕರಿಯರ್ ಕೋಚ್ ಥೆರಪಿಸ್ಟ್ ಅಲ್ಲ. ರೆಸ್ಯೂಮೆ ತಿದ್ದಲು, ಸಂಬಳದ ಮಾತುಕತೆಗೆ ತಯಾರಾಗಲು ಅವರು ಸರಿ. ರಾತ್ರಿ ಅಳು ಬರುತ್ತಿದ್ದರೆ ಅವರ ಹತ್ತಿರ ಹೋಗುವುದು ಬೇಡ.

ಹಾಗಾದರೆ ನಿಮಗೆ ಯಾರು? ನನ್ನ ಲೆಕ್ಕ ಹೀಗಿದೆ. ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ತೂಕ ಇಳಿಯುತ್ತಿದ್ದರೆ, ಪದೇಪದೇ ಪ್ಯಾನಿಕ್ ಅಟ್ಯಾಕ್ ಆಗುತ್ತಿದ್ದರೆ, ಸಂಜೆಯಾದರೆ ಕುಡಿಯಲೇಬೇಕು ಅನ್ನುವ ಹಾಗಾಗಿದ್ದರೆ ಮೊದಲು ಮನೋವೈದ್ಯರನ್ನು ನೋಡಿ, ಜೊತೆಗೆ ಥೆರಪಿ ಇರಲಿ. ಹಳೇ ಖಿನ್ನತೆ, ಬಾಲ್ಯದ ಪೆಟ್ಟು ಇವೆಲ್ಲ ಆಫೀಸಿನ ಜಗಳದ ಜೊತೆ ಎದ್ದು ಬರುತ್ತಿದ್ದರೆ ಕ್ಲಿನಿಕಲ್ ಸೈಕಾಲಜಿಸ್ಟ್. ನಿಮ್ಮ ದಿನಚರಿ ನಡೆಯುತ್ತಿದೆ, ಆದರೆ ಇಲ್ಲ ಅನ್ನಲು ಬರುವುದಿಲ್ಲ, ಕೆಲಸ ಬಿಡುವುದೋ ಇರುವುದೋ ತೀರ್ಮಾನ ಆಗುತ್ತಿಲ್ಲ ಅಂದರೆ ಒಳ್ಳೆಯ ಕೌನ್ಸೆಲರ್ ಸಾಕು.

ಹಂತ 3: ಎಲ್ಲಿ ಹುಡುಕಬೇಕು?

ದುಡ್ಡಿಲ್ಲದ ದಾರಿಯಿಂದ ಶುರು ಮಾಡಿ.

ಟೆಲಿ ಮಾನಸ್ ಬರೀ ತುರ್ತಿಗಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಇದಕ್ಕೆ ನಮ್ಮ ನಿಮ್ಹಾನ್ಸ್ ಮಾರ್ಗದರ್ಶಕ ಸಂಸ್ಥೆ. 14416 ಅಥವಾ 1800-891-4416ಕ್ಕೆ ಕರೆ ಮಾಡಿ ಭಾಷೆ ಆರಿಸಿಕೊಂಡರೆ ಮೊದಲು ತರಬೇತಿ ಪಡೆದ ಸಲಹೆಗಾರರು ಮಾತಾಡುತ್ತಾರೆ. ಬೇಕಾದರೆ ತಜ್ಞರಿಗೆ ಜೋಡಿಸುತ್ತಾರೆ. ನಿಮಗೆ ಯಾವ ಥರದ ಸಹಾಯ ಬೇಕು ಅನ್ನುವುದೇ ಗೊತ್ತಾಗದಿದ್ದರೆ ಇಲ್ಲಿಂದ ಶುರು ಮಾಡುವುದು ಒಳ್ಳೆಯದು. ಆದರೆ ಪ್ರತಿ ವಾರ ಒಬ್ಬರೇ ಥೆರಪಿಸ್ಟ್ ಜೊತೆ ತಿಂಗಳುಗಟ್ಟಲೆ ಕೂರುವ ವ್ಯವಸ್ಥೆ ಅಂತ ಇದನ್ನು ತಿಳಿಯಬೇಡಿ.

ಊರಲ್ಲೇ ಇದ್ದು ಕೆಲಸ ಮಾಡುವವರಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಇಡೀ ದೇಶಕ್ಕೆ ಮಾದರಿಯಾದ ಈ ಕಾರ್ಯಕ್ರಮ ಬೆಳೆದದ್ದು ನಮ್ಮ ಬಳ್ಳಾರಿಯಲ್ಲಿ ನಡೆದ ಪ್ರಯೋಗದಿಂದ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಸುವ ಪದ್ಧತಿಯೂ ಬಂತು. ನಿಮ್ಮ ತಾಲ್ಲೂಕಿನಲ್ಲಿ ಯಾವತ್ತು ಅಂತ ಆಸ್ಪತ್ರೆಯಲ್ಲಿ ವಿಚಾರಿಸಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಆನ್‌ಲೈನ್ ಅಂತ ಹಠ ಹಿಡಿಯಬೇಡಿ. ಔಷಧಿ ಬೇಕಾದವರಿಗೆ ಈ ದಾರಿ ಎಷ್ಟೋ ಸಲ ಬೇಗ.

ನಿಮ್ಹಾನ್ಸ್ ಅಂದರೆ ಹೊಸೂರು ರಸ್ತೆಯ ಗೇಟು ನೆನೆಸಿಕೊಂಡು ಹಿಂದೇಟು ಹಾಕುವವರಿಗೆ ಒಂದು ಮಾತು. ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ಆಸ್ಪತ್ರೆಯಿಂದ ಬೇರೆಯೇ ಜಾಗ. ದಿನನಿತ್ಯದ ಒತ್ತಡ, ಕೆಲಸ, ಸಂಸಾರದ ವಿಷಯಕ್ಕೇ ಮಾಡಿದ್ದು. ಮೊದಲೇ ಸಮಯ ಕೇಳಿಕೊಂಡು, ಆನ್‌ಲೈನ್ ಇದೆಯಾ ಅಂತಲೂ ವಿಚಾರಿಸಿ.

ಇನ್ನೊಂದು ದಾರಿ ನಿಮ್ಮ ಕಂಪನಿಯದ್ದೇ. ದೊಡ್ಡ ಕಂಪನಿಗಳಲ್ಲಿ ಇಎಪಿ ಅಂತ ಒಂದು ಸೌಲಭ್ಯ ಇರುತ್ತದೆ. ಕಂಪನಿ ಹೊರಗಿನ ಕೌನ್ಸೆಲಿಂಗ್ ಸಂಸ್ಥೆಗೆ ದುಡ್ಡು ಕೊಡುತ್ತದೆ, ನಿಮಗೆ ವರ್ಷಕ್ಕೆ ಇಂತಿಷ್ಟು ಸೆಷನ್ ಉಚಿತ. ಎಷ್ಟೋ ಕಡೆ ಗಂಡ, ಹೆಂಡತಿ, ಮಕ್ಕಳಿಗೂ ಸಿಗುತ್ತದೆ. ಜನ ಇದನ್ನು ಮುಟ್ಟುವುದೇ ಇಲ್ಲ. ಎಚ್‌ಆರ್‌ಗೆ ಗೊತ್ತಾಗುತ್ತೆ ಅನ್ನುವ ಭಯ. ಆ ಭಯವನ್ನು ಸುಮ್ನೆ ತಳ್ಳಿಹಾಕುವುದು ಸರಿಯಲ್ಲ, ಪರೀಕ್ಷೆ ಮಾಡಬೇಕು. ಸಾಮಾನ್ಯವಾಗಿ ಇಂಥ ಸಂಸ್ಥೆ ಕಂಪನಿಗೆ ಕೊಡುವುದು ಒಟ್ಟು ಲೆಕ್ಕ ಮಾತ್ರ, ಅಂದರೆ ಇಷ್ಟು ಜನ ಬಳಸಿದರು, ಇಂಥ ವಿಷಯಗಳು ಬಂದವು ಅಂತ. ಹೆಸರು ಹೋಗುವುದಿಲ್ಲ. ಆದರೂ ಮೊದಲ ಕರೆಯಲ್ಲೇ ಕೇಳಿ: ನನ್ನ ಹೆಸರು, ಎಂಪ್ಲಾಯೀ ಐಡಿ ಕಂಪನಿಗೆ ಹೋಗುತ್ತದಾ? ನೋಟ್ಸ್ ಯಾರ ಬಳಿ ಇರುತ್ತದೆ? ನಾನು ಕಂಪನಿ ಮೇಲೆ ದೂರು ಕೊಟ್ಟರೆ ನಿಮ್ಮ ನಿಲುವೇನು? ಉತ್ತರವನ್ನು ಇಮೇಲಿನಲ್ಲಿ ಕಳಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಎರಡು ವಿಷಯ ಗಮನಿಸಿ. ಕೌನ್ಸೆಲರ್ ಕಂಪನಿಯ ಸ್ವಂತ ಉದ್ಯೋಗಿಯಾಗಿದ್ದರೆ ಹೊರಗಿನವರನ್ನೇ ನೋಡಿ. ಕಂಪನಿ ಜೊತೆಗೇ ಕಾನೂನು ಜಗಳ ನಡೆಯುತ್ತಿದ್ದರೂ ಹೊರಗಿನವರೇ ಸರಿ.

ಸ್ವಂತ ದುಡ್ಡಲ್ಲಿ ಹುಡುಕುವವರಿಗೆ ಪಟ್ಟಿಗಳಿವೆ. ಬೆಂಗಳೂರಿನ ಲಿವ್ ಲವ್ ಲಾಫ್ ಪ್ರತಿಷ್ಠಾನದ ವೆಬ್‌ಸೈಟಿನಲ್ಲಿ ತಜ್ಞರ ಪಟ್ಟಿ ಇದೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಐಕಾಲ್, ಸೇವೆ ಪಡೆದವರೇ ಶಿಫಾರಸು ಮಾಡಿದ ಥೆರಪಿಸ್ಟ್‌ಗಳ ಪಟ್ಟಿಯನ್ನು ಮಾಡಿದೆ. ನನಗೆ ಇದು ಇಷ್ಟ, ಏಕೆಂದರೆ ಹೋಗಿ ಬಂದವರ ಮಾತಿಗೆ ಅಲ್ಲಿ ಬೆಲೆ ಇದೆ. ಪ್ರ್ಯಾಕ್ಟೋ, ಅಮಾಹಾ, ಯುವರ್‌ದೋಸ್ತ್ ಥರದ ವೇದಿಕೆಗಳಲ್ಲೂ ಹುಡುಕಬಹುದು. ಆ್ಯಪ್ ತಾನಾಗಿಯೇ ಜೋಡಿಸಿಕೊಟ್ಟವರನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಹೆಸರು ತೆಗೆದುಕೊಂಡು ಎರಡನೇ ಹಂತದ ಪರೀಕ್ಷೆ ಮಾಡಿ. ಮೂರು ಹೆಸರು ಬರೆದಿಟ್ಟುಕೊಂಡರೆ ಸಾಕು. ಇಪ್ಪತ್ತು ಹೆಸರು ಸೇರಿಸಿಕೊಂಡರೆ ಯಾರಿಗೂ ಫೋನ್ ಮಾಡುವುದಿಲ್ಲ.

ಚಾಟ್‌ಬಾಟ್ ಜೊತೆ ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳುವವರು ಈಗ ಜಾಸ್ತಿ. ಯೋಚನೆ ಬರೆದಿಡಲು, ಉಸಿರಾಟದ ಅಭ್ಯಾಸಕ್ಕೆ ಪರವಾಗಿಲ್ಲ. ಥೆರಪಿಸ್ಟ್ ಜಾಗದಲ್ಲಿ ಅದನ್ನು ಕೂರಿಸಬೇಡಿ. ಆಫೀಸಿನ ಗುಟ್ಟು, ಸಹೋದ್ಯೋಗಿಗಳ ಹೆಸರು ಅಲ್ಲಿ ಹಾಕಬೇಡಿ.

ಹಂತ 4: ಭಾಷೆ, ಬದುಕು ಅರ್ಥವಾಗುವವರೇ ಬೇಕು

ಆಫೀಸಿನಲ್ಲಿ ದಿನವೆಲ್ಲ ಇಂಗ್ಲಿಷಿನಲ್ಲಿ ಮಾತಾಡುತ್ತೀನಲ್ಲ, ಥೆರಪಿಯೂ ಇಂಗ್ಲಿಷಿನಲ್ಲೇ ಆಗಲಿ ಅಂತ ಅನೇಕರು ಅಂದುಕೊಳ್ಳುತ್ತಾರೆ. ಒಮ್ಮೆ ಯೋಚಿಸಿ. ನಿಮಗೆ ಸಿಟ್ಟು ಬಂದಾಗ ಬಾಯಿಂದ ಬರುವುದು ಯಾವ ಭಾಷೆ? ಅಮ್ಮನ ಹತ್ತಿರ ಗೋಳು ಹೇಳಿಕೊಳ್ಳುವುದು ಯಾವ ಭಾಷೆಯಲ್ಲಿ? ಆ ಭಾಷೆಯಲ್ಲೇ ಮಾತಾಡಿ. ಅದರಲ್ಲೂ ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಎಂಜಿನಿಯರಿಂಗ್ ಮುಗಿಸಿ, ಮೀಟಿಂಗಿನಲ್ಲಿ ಇಂಗ್ಲಿಷ್ ತಪ್ಪಾದೀತು ಅಂತ ನಡುಗುವವರಿಗೆ ಇಂಗ್ಲಿಷಿನ ಥೆರಪಿ ಇನ್ನೊಂದು ಮೀಟಿಂಗ್ ಆಗಿಬಿಡುತ್ತದೆ. ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಬೆರೆಸಿ ಆಡಿದರೂ ಅರ್ಥ ಮಾಡಿಕೊಳ್ಳುವವರು ಸಿಕ್ಕರೆ ಒಳ್ಳೆಯದು. ಪ್ರೊಫೈಲಿನಲ್ಲಿ ಕನ್ನಡ ಅಂತ ಬರೆದಿದ್ದರೂ ಫೋನಿನಲ್ಲಿ ಎರಡು ನಿಮಿಷ ಮಾತಾಡಿ ನೋಡಿ. ಅಂಗಡಿಯಲ್ಲಿ ವ್ಯವಹರಿಸುವಷ್ಟು ಕನ್ನಡ ಇಲ್ಲಿ ಸಾಲದು.

ಭಾಷೆಯಷ್ಟೇ ಮುಖ್ಯ ನಿಮ್ಮ ಬದುಕಿನ ಲೆಕ್ಕ. ಊರಿಗೆ ತಿಂಗಳು ತಿಂಗಳು ದುಡ್ಡು ಕಳಿಸುವವರಿಗೆ, ಮನೆ ಸಾಲದ ಇಎಂಐ ಇರುವವರಿಗೆ, ತಂಗಿ ಮದುವೆ ಹೊತ್ತವರಿಗೆ ಆ ಕೆಲಸ ಬಿಟ್ಟುಬಿಡಿ ಅನ್ನುವ ಸಲಹೆ ಬಹಳ ಅಗ್ಗ. ಜಾತಿಯ ಕಾರಣಕ್ಕೆ ಚುಚ್ಚುಮಾತು ಕೇಳುವವರು ಸರ್ಕಾರಿ ಕಚೇರಿಯಲ್ಲೂ ಇದ್ದಾರೆ, ಖಾಸಗಿಯಲ್ಲೂ ಇದ್ದಾರೆ. ಹೆರಿಗೆ ರಜೆ ಮುಗಿಸಿ ಬಂದಾಗ ಪ್ರಾಜೆಕ್ಟ್ ಕಸಿದುಕೊಂಡಿರುವುದು, ಸಲಿಂಗಿ ಅಂತ ಗೊತ್ತಾದ ಮೇಲೆ ಊಟಕ್ಕೆ ಕರೆಯದಿರುವುದು ಇವೂ ಉಂಟು. ಇಂಥ ವಿಷಯ ನಿಮ್ಮದಾಗಿದ್ದರೆ ನೇರವಾಗಿ ಕೇಳಿ: ಈ ಥರದ ಅನುಭವ ಇರುವವರ ಜೊತೆ ಕೆಲಸ ಮಾಡಿದ್ದೀರಾ? ನೀವೇ ಜಾಸ್ತಿ ಸೂಕ್ಷ್ಮ ಅನ್ನುವ ಧಾಟಿಯಲ್ಲಿ ಉತ್ತರ ಬಂದರೆ ಅಲ್ಲಿಗೆ ಧನ್ಯವಾದ ಹೇಳಿ ಮುಂದೆ ಹೋಗಿ.

ಹಂತ 5: ಮೊದಲ ಮೆಸೇಜ್, ಮೊದಲ ಕರೆ

ಏನು ಬರೆಯಬೇಕು ಗೊತ್ತಾಗದೆ ದಿನ ದೂಡುವವರಿಗೆ ಒಂದು ಮಾದರಿ ಕೊಡುತ್ತೇನೆ. ನಿಮಗೆ ತಕ್ಕ ಹಾಗೆ ತಿದ್ದಿಕೊಳ್ಳಿ.

"ನಮಸ್ಕಾರ ಮೇಡಂ. ನಾನು ಬೆಂಗಳೂರಿನಲ್ಲಿ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಮೂರು ತಿಂಗಳಿಂದ ಆಫೀಸಿನ ವಿಷಯಕ್ಕೆ ಸರಿಯಾಗಿ ನಿದ್ದೆ ಬರುತ್ತಿಲ್ಲ, ಮೀಟಿಂಗ್ ಅಂದರೆ ಭಯ ಆಗುತ್ತದೆ. ಕನ್ನಡದಲ್ಲಿ ಆನ್‌ಲೈನ್ ಸೆಷನ್ ಬೇಕಿತ್ತು. ಶುರು ಮಾಡುವ ಮುಂಚೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಬಹುದಾ? ನಿಮ್ಮ ಓದು, ನೋಂದಣಿ ಸಂಖ್ಯೆ, ಫೀಸು ತಿಳಿಸಿ. ರಾತ್ರಿ ಎಂಟರ ನಂತರ ಸಮಯ ಸಿಗುತ್ತದಾ?"

ಇಷ್ಟೇ ಸಾಕು. ಕಥೆಯನ್ನೆಲ್ಲ ವಾಟ್ಸ್ಆ್ಯಪಿನಲ್ಲಿ ಬರೆಯಬೇಡಿ.

ಕರೆಯಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆಗಳು ನನ್ನ ಪ್ರಕಾರ ಇವು. ಕೆಲಸದ ಜಾಗದ ಸಮಸ್ಯೆಗೆ ನೀವು ಹೇಗೆ ಕೆಲಸ ಮಾಡುತ್ತೀರಿ? ಎಷ್ಟು ಸೆಷನ್ ಆದ ಮೇಲೆ ಕೂತು ಪರಿಶೀಲನೆ ಮಾಡುತ್ತೀರಿ? ನನ್ನ ಮಾತು ಯಾವ ಸಂದರ್ಭದಲ್ಲಿ ಹೊರಗೆ ಹೋಗುತ್ತದೆ? ಸೆಷನ್ ರೆಕಾರ್ಡ್ ಮಾಡುತ್ತೀರಾ? ನಡುರಾತ್ರಿ ತೀರಾ ಕಷ್ಟವಾದರೆ ನಾನು ಯಾರಿಗೆ ಫೋನ್ ಮಾಡಬೇಕು? ಕೊನೇ ಗಳಿಗೆಯಲ್ಲಿ ಆಫೀಸ್ ಕಾಲ್ ಬಂದು ಸೆಷನ್ ತಪ್ಪಿದರೆ ಫೀಸು ಹೋಗುತ್ತದಾ?

ಗುಟ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ನಿಮ್ಮ ಮಾನಸಿಕ ಆರೋಗ್ಯದ ಮಾಹಿತಿಯನ್ನು ಗೋಪ್ಯವಾಗಿಡುವ ಹಕ್ಕು ಕೊಟ್ಟಿದೆ. ಯಾರದಾದರೂ ಜೀವಕ್ಕೆ ಅಪಾಯ, ಕೋರ್ಟಿನ ಆದೇಶ ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ. ನಿಮ್ಮ ಮ್ಯಾನೇಜರ್ ಕೇಳಿದರು ಅನ್ನುವುದು ಆ ವಿನಾಯಿತಿಯಲ್ಲಿ ಇಲ್ಲ. ಕಾಯ್ದೆಯಲ್ಲಿ ಹೇಳಿರುವ ವೃತ್ತಿಪರರು ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಮುಂತಾದವರು. ಕೌನ್ಸೆಲರ್ ಆದರೆ ನಿಯಮಗಳನ್ನು ಬರೆದು ಅವರು ಕೊಡುವ ಒಪ್ಪಿಗೆ ಪತ್ರವೇ ನಿಮಗೆ ಆಧಾರ. ಅದಕ್ಕೇ ಒಪ್ಪಿಗೆ ಪತ್ರ ಇಲ್ಲದೆ ಶುರು ಮಾಡುವವರನ್ನು ನಾನು ಶಿಫಾರಸು ಮಾಡುವುದಿಲ್ಲ.

ಇಂಥದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ: ಮೂರು ಸೆಷನ್‌ನಲ್ಲಿ ಗ್ಯಾರಂಟಿ ಅನ್ನುವವರು, ಮೊದಲೇ ಇಪ್ಪತ್ತು ಸೆಷನ್ ದುಡ್ಡು ಕಟ್ಟಿ ಅನ್ನುವವರು, ಹತ್ತೇ ನಿಮಿಷದಲ್ಲಿ ಕಾಯಿಲೆಯ ಹೆಸರು ಹೇಳುವವರು, ಬೇರೆ ಕ್ಲೈಂಟ್‌ಗಳ ಕಥೆಯನ್ನು ಗುರುತು ಸಿಗುವ ಹಾಗೆ ಹೇಳುವವರು, ಔಷಧಿ ಬಿಟ್ಟುಬಿಡಿ ಅನ್ನುವ ಡಾಕ್ಟರಲ್ಲದವರು, ಮಾತು ಸೆಷನ್ ದಾಟಿ ಗೆಳೆತನ ಪ್ರೀತಿಯ ಕಡೆ ಎಳೆಯುವವರು.

ಹಂತ 6: ದುಡ್ಡಿನ ಲೆಕ್ಕ

ಬೆಂಗಳೂರಿನ ಖಾಸಗಿ ಥೆರಪಿಸ್ಟ್‌ಗಳು 45ರಿಂದ 60 ನಿಮಿಷಕ್ಕೆ ಸುಮಾರು 1,000ದಿಂದ 2,500 ರೂಪಾಯಿ ತೆಗೆದುಕೊಳ್ಳುವುದು ಸಾಮಾನ್ಯ. ಕಡಿಮೆಗೂ ಸಿಗುತ್ತಾರೆ, ಇನ್ನೂ ಜಾಸ್ತಿ ಕೇಳುವವರೂ ಇದ್ದಾರೆ. ವಾರಕ್ಕೊಂದು ಅಂದರೆ ತಿಂಗಳಿಗೆ ದೊಡ್ಡ ಮೊತ್ತ. ಅದಕ್ಕೆ ಮೊದಲ ಆರು ಸೆಷನ್‌ಗೆ ಎಷ್ಟು ಆಗಬಹುದು ಅಂತ ಎತ್ತಿಟ್ಟುಕೊಂಡು ಶುರು ಮಾಡಿ. ಕೆಲಸ ಹೋಗಿದ್ದರೆ, ಸಂಬಳ ಕಡಿಮೆ ಇದ್ದರೆ ಕಡಿಮೆ ಫೀಸಿಗೆ ನೋಡುತ್ತೀರಾ ಅಂತ ಕೇಳಿ. ಬಹಳಷ್ಟು ಥೆರಪಿಸ್ಟ್‌ಗಳು ವಾರದಲ್ಲಿ ಕೆಲವು ಸಮಯವನ್ನು ಅದಕ್ಕೇ ಇಟ್ಟಿರುತ್ತಾರೆ. ಆದರೆ ಕೇಳದೆ ಹೇಳುವುದಿಲ್ಲ.

ಇನ್ಶೂರೆನ್ಸ್ ವಿಷಯದಲ್ಲಿ ಆಸೆ ಮಿತವಾಗಿರಲಿ. ದೈಹಿಕ ಕಾಯಿಲೆಗೆ ಕೊಡುವ ಹಾಗೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತ 2017ರ ಕಾಯ್ದೆ ಹೇಳಿದೆ. ಆದರೆ ಸಾಮಾನ್ಯ ಪಾಲಿಸಿಗಳು ಕೊಡುವುದು ಆಸ್ಪತ್ರೆಗೆ ಸೇರಿದಾಗ. ಮನೆಯಿಂದ ಮಾಡುವ ಥೆರಪಿಗೆ ದುಡ್ಡು ಬರಬೇಕಾದರೆ ಪಾಲಿಸಿಯಲ್ಲಿ ಓಪಿಡಿ (ಆಸ್ಪತ್ರೆಗೆ ಸೇರದೆ ಪಡೆಯುವ ಚಿಕಿತ್ಸೆಯ) ಸೌಲಭ್ಯ ಇರಬೇಕು. ಕಂಪನಿ ಗುಂಪು ವಿಮೆಯಲ್ಲಿ ಇದೆಯಾ ಅಂತ ಪಾಲಿಸಿ ಕಾಗದ ಓದಿ. ಎಚ್‌ಆರ್‌ನವರನ್ನು ಕೇಳುವ ಅಗತ್ಯ ಇಲ್ಲ, ವಿಮಾ ಕಂಪನಿಯ ಸಹಾಯವಾಣಿಗೇ ಫೋನ್ ಮಾಡಬಹುದು. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದು ಇಎಸ್‌ಐ (ಸರ್ಕಾರದ ಕಾರ್ಮಿಕ ವಿಮೆ) ಕಟ್ಟುತ್ತಿದ್ದರೆ ಚಿಕಿತ್ಸೆಗೆ ಇಎಸ್‌ಐ ಆಸ್ಪತ್ರೆಯ ದಾರಿ ಇದೆ. ಗಾರ್ಮೆಂಟ್ಸ್, ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸದವರು ಇದನ್ನು ಮರೆಯಬಾರದು.

ಹಂತ 7: ಜಾಗ, ಫೋನು, ಸಮಯ

ಆಫೀಸಿನ ಲ್ಯಾಪ್‌ಟಾಪ್ ಮುಟ್ಟಬೇಡಿ. ಆಫೀಸಿನ ಇಮೇಲ್, ಕ್ಯಾಲೆಂಡರ್, ವೈಫೈ ಕೂಡ ಬೇಡ. ಕಂಪನಿ ಕೊಟ್ಟ ಯಂತ್ರದಲ್ಲಿ ಏನು ನಡೆಯುತ್ತದೆ ಅಂತ ಕಂಪನಿ ನೋಡಬಹುದು. ಸ್ವಂತ ಫೋನು, ಸ್ವಂತ ಡೇಟಾ, ಇಯರ್‌ಫೋನ್ ಇದ್ದರೆ ಸಾಕು.

ಕಷ್ಟ ಇರುವುದು ಜಾಗದ್ದು. ಪಿಜಿಯಲ್ಲಿ ಮೂವರು ಒಂದೇ ರೂಮಿನಲ್ಲಿ, ಮನೆಯಲ್ಲಿ ಅತ್ತೆ ಮಾವ ಹಾಲಿನಲ್ಲಿ. ನಿಲ್ಲಿಸಿದ ಕಾರಿನೊಳಗೆ ಕೂತು ಸೆಷನ್ ಮಾಡುವವರು ತುಂಬ ಜನ. ತಾರಸಿ, ಪಾರ್ಕಿನ ಮೂಲೆ, ಗೆಳೆಯರ ಮನೆ ಕೂಡ ಆಗುತ್ತದೆ. ರೂಮಿನಲ್ಲೇ ಮಾಡುವುದಾದರೆ ಬಾಗಿಲಾಚೆ ಫ್ಯಾನ್ ಹಾಕಿಡಿ, ಮಾತು ಕೇಳುವುದಿಲ್ಲ. ವಿಡಿಯೋ ಆಗದಿದ್ದರೆ ಆಡಿಯೋ ಸಾಕು, ನೆಟ್‌ವರ್ಕ್ ಸರಿ ಇಲ್ಲದ ಮಲೆನಾಡಿನ ಕಡೆಯವರಿಗೆ ಅದೇ ಅನುಕೂಲ. ಯಾರಾದರೂ ಒಳಗೆ ಬಂದರೆ ಹೇಳಲು ಒಂದು ಸಂಕೇತದ ಮಾತು ಥೆರಪಿಸ್ಟ್ ಜೊತೆ ಮೊದಲೇ ಗೊತ್ತುಮಾಡಿಕೊಳ್ಳಿ. ಎಲ್ಲಿ ಕೂತಿದ್ದೀರಿ, ತುರ್ತಿಗೆ ಯಾರನ್ನು ಕರೆಯಬೇಕು ಅಂತ ಅವರು ಕೇಳಿದರೆ ಹೇಳಿ. ಆನ್‌ಲೈನ್ ಚಿಕಿತ್ಸೆಯಲ್ಲಿ ಅದು ಅಗತ್ಯ.

ಸೆಷನ್ ಮುಗಿದ ಕೂಡಲೇ ಸ್ಟ್ಯಾಂಡಪ್ ಮೀಟಿಂಗಿಗೆ ಓಡುವ ಹಾಗೆ ಸಮಯ ಇಟ್ಟುಕೊಳ್ಳಬೇಡಿ. ಆಮೇಲೆ ಅರ್ಧ ಗಂಟೆ ಖಾಲಿ ಇರಲಿ.

ಹಂತ 8: ನಾಲ್ಕು ಸೆಷನ್ ಆದ ಮೇಲೆ ತೂಗಿ ನೋಡಿ

ಮೊದಲ ಸೆಷನ್‌ನಲ್ಲಿ ಹೆಚ್ಚಾಗಿ ವಿವರ ಕೇಳುತ್ತಾರೆ. ಮನೆ, ಓದು, ನಿದ್ದೆ, ಹಳೇ ಕಾಯಿಲೆ, ಕುಡಿತ. ಆಫೀಸಿಗೂ ಇದಕ್ಕೂ ಏನು ಸಂಬಂಧ ಅನ್ನಿಸಬಹುದು, ಇದೆ. ಮೊದಲ ಹಂತದಲ್ಲಿ ಬರೆದ ಹಾಳೆಯನ್ನು ಎದುರಿಗೆ ಇಟ್ಟುಕೊಳ್ಳಿ. ಥೆರಪಿಯಿಂದ ಏನು ಬೇಕು ಅಂತ ಒಂದು ವಾಕ್ಯದಲ್ಲಿ ಹೇಳಿ. "ಅಪ್ರೈಸಲ್ ಮೀಟಿಂಗಿನಲ್ಲಿ ನಡುಗದೆ ನನ್ನ ಮಾತು ಹೇಳಬೇಕು" ಅನ್ನುವುದು ಸ್ಪಷ್ಟ ಗುರಿ.

ಕೆಲಸ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಮ್ಯಾನೇಜರ್ "ಸಂಜೆ ಮಾತಾಡೋಣ" ಅಂತ ಮೆಸೇಜ್ ಮಾಡಿದರು. ತಕ್ಷಣ ತಲೆಯಲ್ಲಿ ಕೆಲಸ ಹೋಯ್ತು ಅನ್ನುವ ಯೋಚನೆ. ಎದೆ ಡವಡವ, ಮಧ್ಯಾಹ್ನದ ಕೆಲಸ ಪೂರ್ತಿ ಹಾಳು. ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅನ್ನುವ ಪದ್ಧತಿಯಲ್ಲಿ ಈ ಮೂರನ್ನೂ ಬಿಡಿಸಿ ಬರೆಸುತ್ತಾರೆ. ಆ ಯೋಚನೆಗೆ ಸಾಕ್ಷಿ ಏನಿದೆ, ಹಿಂದಿನ ಸಲ ಅವರು ಹೀಗೆ ಕರೆದಾಗ ಏನಾಗಿತ್ತು ಅಂತ ಕೇಳುತ್ತಾರೆ. ಆಮೇಲೆ ಥೆರಪಿಸ್ಟ್ ಮ್ಯಾನೇಜರ್ ಆಗಿ, ನೀವು ನೀವಾಗಿ ಮಾತಾಡಿ ಅಭ್ಯಾಸ ಮಾಡುತ್ತೀರಿ. "ಸರ್, ಈ ವಾರ ಇವೆರಡು ಕೆಲಸ ಇವೆ, ಮೂರನೆಯದ್ದು ತೆಗೆದುಕೊಂಡರೆ ಯಾವುದನ್ನು ಮುಂದಕ್ಕೆ ಹಾಕಲಿ?" ಅನ್ನುವ ಒಂದು ಮಾತು ಬಾಯಿಗೆ ಬರಲು ಎರಡು ಸೆಷನ್ ಬೇಕಾಗಬಹುದು. ಬಂದ ಮೇಲೆ ಅದು ನಿಮ್ಮದು.

ನಾಲ್ಕು ಸೆಷನ್ ಆದ ಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಇವರ ಹತ್ತಿರ ನಾಚಿಕೆಯ ವಿಷಯ ಹೇಳಬಲ್ಲೆನಾ? ನನ್ನ ಮಾತಿನ ಎಳೆ ಅವರಿಗೆ ನೆನಪಿರುತ್ತದಾ? ನಿದ್ದೆ, ಸಿಟ್ಟು, ಭಯ ಇವುಗಳಲ್ಲಿ ಒಂದಾದರೂ ಕೂದಲೆಳೆಯಷ್ಟು ಬದಲಾಗಿದೆಯಾ? ಕೆಲವು ಸೆಷನ್ ಆದ ಮೇಲೆ ಮನಸ್ಸು ಭಾರ ಆಗುವುದು ಸಹಜ, ಅದನ್ನು ಸೋಲು ಅಂದುಕೊಳ್ಳಬೇಡಿ. ಆದರೆ ಪ್ರತಿ ಸಲ ಸಣ್ಣವರಾದ ಹಾಗೆ ಅನ್ನಿಸಿದರೆ ಬದಲಾಯಿಸಿ. ಮೊದಲು ಅವರಿಗೇ ಹೇಳಿ ನೋಡಿ: "ನನಗೆ ಇದು ಹೊಂದುತ್ತಿಲ್ಲ ಅನ್ನಿಸುತ್ತಿದೆ, ಬೇರೆ ಯಾರನ್ನಾದರೂ ಸೂಚಿಸುತ್ತೀರಾ?" ಒಳ್ಳೆಯ ಥೆರಪಿಸ್ಟ್ ಮುನಿಸಿಕೊಳ್ಳುವುದಿಲ್ಲ, ಹೆಸರು ಕೊಡುತ್ತಾರೆ.

ರಜೆ ಬೇಕಾದರೆ

ರಜೆಗೆ ಕೌನ್ಸೆಲರ್ ಪತ್ರವನ್ನು ಎಚ್‌ಆರ್ ಒಪ್ಪದಿರುವುದೇ ಜಾಸ್ತಿ. ವೈದ್ಯರ ಸರ್ಟಿಫಿಕೇಟ್ ಕೇಳುತ್ತಾರೆ, ಅಂದರೆ ಮನೋವೈದ್ಯರನ್ನು ಅಥವಾ ಫ್ಯಾಮಿಲಿ ಡಾಕ್ಟರನ್ನು ನೋಡಬೇಕು. ಕಾಯಿಲೆಯ ಹೆಸರು ಬರೆಯದೆ "ವೈದ್ಯಕೀಯ ಕಾರಣಕ್ಕೆ ಇಷ್ಟು ದಿನ ವಿಶ್ರಾಂತಿ ಅಗತ್ಯ" ಅಂತ ಕೊಡಲು ಸಾಧ್ಯವಾ ಅಂತ ಡಾಕ್ಟರನ್ನೇ ಕೇಳಿ. ಇಎಸ್‌ಐನವರಿಗೆ ಅರ್ಹತೆ ಇದ್ದರೆ ಅನಾರೋಗ್ಯ ರಜೆಯಲ್ಲಿ ಸಂಬಳದ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ರಾಜೀನಾಮೆ ಬರೆಯುವ ಮುಂಚೆ ರಜೆ ತೆಗೆದುಕೊಳ್ಳಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಿದ್ದೆ ಇಲ್ಲದ ತಲೆಯಲ್ಲಿ ಅಷ್ಟು ದೊಡ್ಡ ತೀರ್ಮಾನ ಬೇಡ.

ಹೊರದೇಶದಲ್ಲಿರುವ ಕನ್ನಡಿಗರಿಗೆ

ಅಮೆರಿಕದಲ್ಲಿ ಥೆರಪಿಸ್ಟ್ ಲೈಸೆನ್ಸ್ ರಾಜ್ಯದ್ದು. ನೀವು ಕೂತಿರುವ ರಾಜ್ಯದಲ್ಲಿ ಕೆಲಸ ಮಾಡಲು ಅವರಿಗೆ ಅನುಮತಿ ಇರಬೇಕು. ಸೈಪ್ಯಾಕ್ಟ್ ಅನ್ನುವ ಒಪ್ಪಂದಕ್ಕೆ ಸೇರಿದ ರಾಜ್ಯಗಳ ನಡುವೆ, ಅದರ ಅನುಮತಿ ಪಡೆದ ಸೈಕಾಲಜಿಸ್ಟ್‌ಗಳು ಆನ್‌ಲೈನ್‌ನಲ್ಲಿ ನೋಡಬಹುದು. ಹಾಗಾಗಿ ಕನ್ನಡ ಬಲ್ಲವರು ಪಕ್ಕದ ರಾಜ್ಯದಲ್ಲಿದ್ದರೂ ಕೇಳಿ ನೋಡಿ. ಎಚ್-1ಬಿ ಕೆಲಸದ ವೀಸಾದಲ್ಲಿದ್ದು ಕೆಲಸ ಹೋದರೆ, ಬೇರೆ ಕೆಲಸ ಹುಡುಕಲು ಅಥವಾ ದೇಶ ಬಿಡಲು ಸಾಮಾನ್ಯವಾಗಿ 60 ದಿನದ ಅವಕಾಶ ಇರುತ್ತದೆ. ಆ ದಿನಗಳಲ್ಲಿ ವೀಸಾ ವಕೀಲರು ಎಷ್ಟು ಮುಖ್ಯವೋ ಮನಸ್ಸಿಗೆ ಆಸರೆಯೂ ಅಷ್ಟೇ ಮುಖ್ಯ. ಮನಸ್ಸಿನ ತುರ್ತಿಗೆ ಅಲ್ಲಿನ ಸಂಖ್ಯೆ 988. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಟಾಕಿಂಗ್ ಥೆರಪೀಸ್‌ಗೆ ಜಿಪಿ (ಅಲ್ಲಿನ ಫ್ಯಾಮಿಲಿ ಡಾಕ್ಟರ್) ಚೀಟಿ ಇಲ್ಲದೆ ನೀವೇ ಅರ್ಜಿ ಹಾಕಬಹುದು, ಉಚಿತ, ದುಭಾಷಿಯನ್ನೂ ಕೇಳಬಹುದು. ಭಾರತದ ಥೆರಪಿಸ್ಟ್ ಹತ್ತಿರ ಮಾತಾಡುವ ಆಸೆ ಇದ್ದರೆ, ನಾನಿರುವ ದೇಶದವರನ್ನು ನೀವು ನೋಡುತ್ತೀರಾ, ತುರ್ತು ಬಂದರೆ ಏನು ವ್ಯವಸ್ಥೆ ಅಂತ ಮೊದಲೇ ಕೇಳಿಕೊಳ್ಳಿ.

ಮುಗಿಸುವಾಗ

ಥೆರಪಿ ಜೀವನಪೂರ್ತಿ ಅಲ್ಲ. ಸುಧಾರಿಸಿದ ಮೇಲೆ ವಾರಕ್ಕೊಂದು ಇದ್ದದ್ದನ್ನು ಹದಿನೈದು ದಿನಕ್ಕೊಂದು ಮಾಡಿ, ಆಮೇಲೆ ತಿಂಗಳಿಗೊಂದು ಮಾಡಿ. ಹೇಳದೆ ಕೇಳದೆ ನಿಲ್ಲಿಸಬೇಡಿ, ಕೊನೆಯ ಸೆಷನ್ ಅಂತ ಒಂದು ಇಟ್ಟುಕೊಳ್ಳಿ. ಮತ್ತೆ ಹಳೇ ಲಕ್ಷಣ ಕಾಣಿಸಿದರೆ ಏನು ಮಾಡಬೇಕು ಅನ್ನುವುದನ್ನು ಅವರ ಜೊತೆ ಕೂತು ಬರೆದುಕೊಳ್ಳಿ. ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ನಿಲ್ಲಿಸುವ ತೀರ್ಮಾನ ಡಾಕ್ಟರದ್ದು, ಚೆನ್ನಾಗಿದ್ದೀನಿ ಅಂತ ನೀವೇ ಬಿಡಬೇಡಿ. ರಸೀದಿ, ಚೀಟಿ, ಒಪ್ಪಿಗೆ ಪತ್ರ ಎಲ್ಲವನ್ನೂ ಸ್ವಂತ ಇಮೇಲಿನಲ್ಲಿ ಒಂದು ಕಡೆ ಇಟ್ಟುಕೊಳ್ಳಿ. ಕೆಲಸ ಬದಲಾದ ಮೇಲೆ ಹೊಸ ಆಫೀಸಿನ ಮೊದಲ ಮೂರು ತಿಂಗಳಲ್ಲಿ ಒಂದು ಸೆಷನ್‌ಗೆ ಈಗಲೇ ದಿನ ಗೊತ್ತುಮಾಡಿಕೊಳ್ಳಬಹುದು.